ಭಕ್ತಿಗೂ ಕಸುಬು ಬೇಕಾ? ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸೋಣ ಅಂದುಕೊಂಡಿದ್ದೆ, ಆಗಲಿಲ್ಲ. ನಿಮ್ಮೂರ ಗುಡಿ ಮುಂದೆ ಶ್ರಾವಣದ ಪ್ರವಚನ. ಭರತ ಅಣ್ಣನ ಪಾದುಕೆಯನ್ನು ತಲೆ ಮೇಲೆ ಹೊತ್ತುಕೊಂಡು ವಾಪಸ್ ಹೊರಡುವ ಜಾಗ ಬಂತು, ಪ್ರವಚನಕಾರರ ಗಂಟಲು ಕಟ್ಟಿತು, ಒಂದು ಗಳಿಗೆ ಮಾತು ನಿಂತಿತು, ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಸಣ್ಣಗೆ ನುಡಿಯುತ್ತಿತ್ತು, ಪೆಂಡಾಲಿನಲ್ಲಿ ಕೂತವರೆಲ್ಲ ಅತ್ತರು. ನೀನೂ ಅತ್ತೆ. ಮೂರು ದಿನ ಬಿಟ್ಟು ಪಕ್ಕದೂರಿಗೆ ಮತ್ತೆ ಅದನ್ನೇ ಕೇಳೋಕೆ ಹೋದೆ. ಅಲ್ಲೂ ಅದೇ ಜಾಗದಲ್ಲಿ ಗಂಟಲು ಕಟ್ಟಿತು. ಅಷ್ಟೇ ಹೊತ್ತು ಮೌನ. ಅದೇ ಸ್ವರ. "ನನ್ನ ಕಣ್ಣೀರನ್ನು ಯಾರೋ ಲೆಕ್ಕ ಹಾಕಿ ತೆಗೆದ ಹಾಗಾಯ್ತು, ಭಕ್ತಿಗೂ ಇಂಥ ಕಸುಬು ಬೇಕಾ?" ಅಂತ ಬರೆದಿದ್ದೀಯ.

ನನಗೆ ಈ ಪ್ರಶ್ನೆ ಹೊರಗಿನದಲ್ಲ. ಹನ್ನೆರಡು ವರ್ಷದಿಂದ ಕಾಲೇಜು ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದೇನೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಒಂದು ಉಸಿರು ಸುಮ್ಮನಿರಬೇಕು, ಕೊನೆಯ ಸಾಲಿಗೆ ಮೊದಲು ತೀರ್ಪುಗಾರರ ಮುಖ ಯಾಕೆ ನೋಡಬೇಕು, ಎಲ್ಲ ಹೇಳಿಕೊಡುತ್ತೇನೆ. ಬೆಳಿಗ್ಗೆ ಪರವಾಗಿ ಮಾತಾಡಿದವಳೇ ಮಧ್ಯಾಹ್ನ ವಿರೋಧವಾಗಿ ಮಾತಾಡಿ ಗೆಲ್ಲುತ್ತಾಳೆ. ಹೋದ ವರ್ಷ ಒಬ್ಬಳು ಹಾಗೆ ಗೆದ್ದು ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದಳು. "ಸರ್, ನಂಗೆ ನಿಜವಾಗ್ಲೂ ಏನು ಅನ್ಸುತ್ತೆ ಅಂತ ನಂಗೇ ಗೊತ್ತಾಗ್ತಿಲ್ಲ." ಬಹುಮಾನದ ಕಪ್ಪು ಅವಳ ತೊಡೆ ಮೇಲಿತ್ತು. ನನಗೆ ಉತ್ತರ ಹೊಳೆಯಲಿಲ್ಲ, ಕಿಟಕಿ ಆಚೆ ನೋಡುತ್ತಾ ಕೂತೆ.

ಇದೇ ಗೋಳನ್ನು 1600 ವರ್ಷದ ಹಿಂದೆ ಒಬ್ಬ ಮೇಷ್ಟ್ರು ಪೂರ್ತಿ ಅನುಭವಿಸಿದ್ದಾನೆ. ಕ್ರೈಸ್ತರ ಸಂತ ಅಗಸ್ಟೀನ್. ಅವನನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ. ತನ್ನ ಹುಡುಗಾಟ, ಹೊಟ್ಟೆಕಿಚ್ಚು, ಸುಳ್ಳು ಯಾವುದನ್ನೂ ಮುಚ್ಚಿಡದೆ ಬರೆದುಕೊಂಡ ಮನುಷ್ಯ, ಓದುತ್ತಾ ಓದುತ್ತಾ ಗೆಳೆಯನೇ ಆಗಿಬಿಡುತ್ತಾನೆ.

ಅವನು ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕಾದ ತಗಾಸ್ತೆ ಅನ್ನುವ ಸಣ್ಣ ಊರಿನಲ್ಲಿ. ಈಗ ಅದು ಅಲ್ಜೀರಿಯಾದಲ್ಲಿದೆ. ಆಗ ರೋಮನ್ ಸಾಮ್ರಾಜ್ಯದಲ್ಲಿ ಸಾಧಾರಣ ಮನೆಯ ಹುಡುಗ ಮೇಲೆ ಬರಬೇಕಾದರೆ ಇದ್ದ ಏಣಿ ಅಂದರೆ ಮಾತುಗಾರಿಕೆ. ವಕೀಲಿಕೆಗೆ ಅದೇ ಬೇಕು, ಅಧಿಕಾರಕ್ಕೂ ಅದೇ ಬೇಕು. ಶಾಲೆಯಲ್ಲಿ ಅವನಿಗೊಂದು ಸ್ಪರ್ಧೆ ಇಟ್ಟಿದ್ದರಂತೆ. ಹಳೆಯ ಲ್ಯಾಟಿನ್ ಕಾವ್ಯವೊಂದರಲ್ಲಿ ಟ್ರಾಯ್ ಊರಿನ ವೀರ ಇಟಲಿ ಸೇರುವುದನ್ನು ತಡೆಯಲಾಗದೆ ಜೂನೋ ದೇವಿ ಕೆರಳುತ್ತಾಳಲ್ಲ, ಆ ಸಿಟ್ಟನ್ನು ಮಕ್ಕಳು ತಮ್ಮ ಮಾತಿನಲ್ಲಿ ಆಡಿ ತೋರಿಸಬೇಕು. ಯಾರ ಸಿಟ್ಟು ನಿಜ ಅನ್ನಿಸುತ್ತದೋ ಅವರಿಗೆ ಹೊಗಳಿಕೆ. ಹುಡುಗ ಗೆದ್ದ. ಎಲ್ಲರೂ ಚಪ್ಪಾಳೆ ಹೊಡೆದರು. ದೊಡ್ಡವನಾದ ಮೇಲೆ ಅದನ್ನು ನೆನೆದು, ಎಲ್ಲಾ ಹೊಗೆ ಮತ್ತು ಗಾಳಿ ಅಲ್ಲವಾ ಅಂತ ಕೇಳುತ್ತಾನೆ. ಆ ಪುಟ ಓದಿದಾಗ ನನಗೆ ಬಸ್ಸಿನಲ್ಲಿ ಕೂತ ಹುಡುಗಿ ನೆನಪಾದಳು.

ಹತ್ತೊಂಬತ್ತನೇ ವಯಸ್ಸಿನಲ್ಲಿ ರೋಮ್‌ನ ಹಳೆಯ ದೊಡ್ಡ ಮಾತುಗಾರ ಸಿಸೆರೊ ಬರೆದ ಒಂದು ಪುಸ್ತಕ ಕೈಗೆ ಬಂತು. ಓದಿದ್ದು ನಾಲಿಗೆ ಚೂಪು ಮಾಡಿಕೊಳ್ಳೋಕೆ. ಆದರೆ ಭಾಷೆಗಿಂತ ಅದರೊಳಗಿನ ವಿಷಯ ಜಾಸ್ತಿ ನಾಟಿತು, ಜ್ಞಾನ ಬೇಕು ಅನ್ನುವ ಹಸಿವು ಶುರುವಾಯಿತು. ತಾಯಿ ನಂಬಿದ ಬೈಬಲ್ ಇದೆಯಲ್ಲ ಅಂತ ತೆಗೆದು ನೋಡಿದ. ಒರಟು ಭಾಷೆ, ಸಿಸೆರೊನ ಗತ್ತಿಲ್ಲ. ಮುಚ್ಚಿಟ್ಟ. ಚೆನ್ನಾಗಿ ಹೇಳದ್ದು ನಿಜ ಹೇಗಾದೀತು ಅನ್ನುವ ಭಾವನೆ. ಮುಂದೆ ಒಂಬತ್ತು ವರ್ಷದಷ್ಟು ಕಾಲ ಲೋಕವೆಲ್ಲ ಬೆಳಕು ಕತ್ತಲೆಗಳ ಕಾದಾಟ ಅನ್ನುವ ಮಾನಿ ಪಂಥದ ಹಿಂದೆ ಹೋದ. ಅವರಲ್ಲಿ ಫೌಸ್ತುಸ್ ಅಂತ ದೊಡ್ಡ ಮಾತುಗಾರ, ಅವನು ಬಂದರೆ ನಿನ್ನ ಅನುಮಾನವೆಲ್ಲ ಪರಿಹಾರ ಅಂದಿದ್ದರು. ಕಾದು ಕಾದು ಕೊನೆಗೆ ಅವನು ಬಂದ. ಮಾತು ಜೇನು. ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಬಾಯಾರಿದವನಿಗೆ ಚೆಂದದ ಲೋಟ ತಂದುಕೊಟ್ಟರೆ ಏನು ಬಂತು ಅಂತ ಬರೆದುಕೊಂಡಿದ್ದಾನೆ. ಅದೇ ಜಾಗದಲ್ಲಿ ಇನ್ನೊಂದು ಮಾತೂ ಇದೆ, ನೀನು ಅದನ್ನು ಗಮನಿಸಬೇಕು. ಚೆನ್ನಾಗಿ ಹೇಳಿದ ಮಾತ್ರಕ್ಕೆ ಒಂದು ಮಾತು ನಿಜ ಆಗುವುದಿಲ್ಲ. ಹಾಗಂತ ಒರಟಾಗಿ ಹೇಳಿದ್ದೆಲ್ಲ ನಿಜವೂ ಅಲ್ಲ, ಚೆಂದವಾಗಿ ಹೇಳಿದ್ದೆಲ್ಲ ಸುಳ್ಳೂ ಅಲ್ಲ. ಒಳ್ಳೆ ಊಟ, ಕೆಟ್ಟ ಊಟ ಎರಡನ್ನೂ ಯಾವ ತಟ್ಟೆಯಲ್ಲಾದರೂ ಬಡಿಸಬಹುದು.

ಊರಲ್ಲಿ, ಆಮೇಲೆ ಉತ್ತರ ಆಫ್ರಿಕಾದ ದೊಡ್ಡ ನಗರ ಕಾರ್ಥೇಜಿನಲ್ಲಿ ಪಾಠ ಹೇಳಿದ. ಕಾರ್ಥೇಜಿನ ಹುಡುಗರ ಗಲಾಟೆ ತಡೆಯಲಾಗದೆ 383ರಲ್ಲಿ ರೋಮ್‌ಗೆ ಹೋದ. ಅಲ್ಲಿನ ಹುಡುಗರು ಗಲಾಟೆ ಮಾಡುತ್ತಿರಲಿಲ್ಲ, ಫೀಸು ಕೊಡುವ ಹೊತ್ತಿಗೆ ಗುಂಪುಗಟ್ಟಿ ಬೇರೆ ಮೇಷ್ಟ್ರ ಹತ್ತಿರ ಹೋಗಿಬಿಡುತ್ತಿದ್ದರು. ಮರುವರ್ಷ ಮಿಲಾನಿನಲ್ಲಿ ಮಾತುಗಾರಿಕೆ ಕಲಿಸುವ ಸರ್ಕಾರಿ ಕೆಲಸ ಸಿಕ್ಕಿತು. ಚಕ್ರವರ್ತಿಯ ಆಸ್ಥಾನ ಆಗ ಅಲ್ಲಿತ್ತು.

ಆ ಕೆಲಸಕ್ಕೆ ಅವನನ್ನು ಆರಿಸಿ ಕಳಿಸಿದವನು ರೋಮ್‌ನ ನಗರಾಧಿಕಾರಿ ಸಿಮ್ಮಾಕುಸ್. ಹಳೆಯ ದೇವರುಗಳ ಭಕ್ತ. ಅದೇ 384ರಲ್ಲಿ ಅವನು ಚಕ್ರವರ್ತಿಗೆ ಒಂದು ಮನವಿ ಬರೆದ. ರೋಮ್‌ನ ಹಿರಿಯರ ಸಭೆಯಿಂದ ತೆಗೆಸಿಹಾಕಿದ ವಿಜಯದೇವಿಯ ಪೀಠವನ್ನು ಮತ್ತೆ ಇಡಿಸಿ ಅಂತ. ಅದರಲ್ಲಿ ಒಂದು ಸಾಲಿದೆ. ಇಷ್ಟು ದೊಡ್ಡ ಗುಟ್ಟನ್ನು ಒಂದೇ ದಾರಿಯಿಂದ ಮುಟ್ಟೋಕಾಗುವುದಿಲ್ಲ. ಎಂಥಾ ಮಾತು, ಅಲ್ವಾ? ಅದನ್ನು ಎದುರಿಸಿ ಪತ್ರ ಬರೆದವರು ಮಿಲಾನಿನ ಬಿಷಪ್ ಆಂಬ್ರೋಸ್. ಅವರೂ ಮಾತಿನಲ್ಲಿ ಪಳಗಿದವರು, ಮೊದಲು ರಾಜ್ಯಪಾಲರಾಗಿದ್ದವರು. ಚಕ್ರವರ್ತಿ ಹದಿಮೂರರ ಆಸುಪಾಸಿನ ಹುಡುಗ. ಪೀಠ ವಾಪಸ್ ಬರಲಿಲ್ಲ. ಇಬ್ಬರೂ ಒಂದೇ ಥರದ ಶಾಲೆಯಲ್ಲಿ ಕಲಿತ ವಿದ್ಯೆಯನ್ನೇ ಹಿಡಿದು ಎರಡು ಧರ್ಮದ ಪರ ನಿಂತಿದ್ದರು. ನನ್ನನ್ನು ಕೇಳಿದರೆ ಒಳ್ಳೆಯ ಸಾಲು ಸೋತ ಕಡೆ ಇತ್ತು. ಅದಕ್ಕೂ 22 ವರ್ಷ ಮೊದಲು, 362ರಲ್ಲಿ, ಜೂಲಿಯನ್ ಚಕ್ರವರ್ತಿ ಇದರ ತದ್ವಿರುದ್ಧ ಮಾಡಿದ್ದ. ಕ್ರೈಸ್ತರು ಶಾಲೆಯಲ್ಲಿ ಹಳೆಯ ಕಾವ್ಯ, ಮಾತುಗಾರಿಕೆ ಕಲಿಸಕೂಡದು, ಆ ದೇವರುಗಳನ್ನು ನಂಬದವರು ಆ ಪುಸ್ತಕಗಳನ್ನು ಹೇಗೆ ಕಲಿಸುತ್ತಾರೆ ಅಂತ ಅವನ ವಾದ. ಈ ವಿದ್ಯೆ ಯಾರ ಕೈಲಿದೆ ಅನ್ನುವುದು ಆಗ ಅಷ್ಟು ದೊಡ್ಡ ವಿಷಯ.

ಸರಿ, ಮಿಲಾನಿಗೆ ಬರೋಣ. ಮೂವತ್ತರ ಅಗಸ್ಟೀನ್ ಚಕ್ರವರ್ತಿಯನ್ನು ಹೊಗಳುವ ಭಾಷಣಕ್ಕೆ ತಯಾರಿ ಮಾಡಿಕೊಳ್ಳುತ್ತಿದ್ದಾನೆ. ಹೇಳುವುದು ಸುಳ್ಳು ಅಂತ ಅವನಿಗೆ ಗೊತ್ತು. ಸುಳ್ಳು ಅಂತ ಕೇಳುವವರಿಗೂ ಗೊತ್ತು, ಆದರೂ ಚಪ್ಪಾಳೆ ಹೊಡೆಯುತ್ತಾರೆ. ಅದೂ ಗೊತ್ತು. ಎದೆ ಡವಡವ ಅನ್ನುತ್ತಿದೆ, ಜ್ವರ ಬಂದವನ ಹಾಗಿದ್ದಾನೆ. ಗೆಳೆಯರ ಜೊತೆ ಬೀದಿಯಲ್ಲಿ ನಡೆಯುವಾಗ ಒಬ್ಬ ಭಿಕ್ಷುಕ ಕಂಡ. ಚೆನ್ನಾಗಿ ಕುಡಿದಿದ್ದ, ನಗುತ್ತಾ ತಮಾಷೆ ಮಾಡುತ್ತಾ ಖುಷಿಯಾಗಿದ್ದ. ನಾಲ್ಕು ಕಾಸು ಬೇಡಿ ಇವನು ಪಡೆದ ಖುಷಿ ನಮಗೆ ಇಷ್ಟೆಲ್ಲ ಒದ್ದಾಡಿದರೂ ಸಿಕ್ಕಿಲ್ಲವಲ್ಲ ಅಂತ ಅಗಸ್ಟೀನ್ ಗೆಳೆಯರಿಗೆ ಹೇಳುತ್ತಾನೆ. ನನಗೆ ಇಡೀ ಕಥೆಯಲ್ಲಿ ತುಂಬ ಹತ್ತಿರದ ಜಾಗ ಇದೇ. ಬಾಯಿಪಾಠ ಮಾಡುತ್ತಾ ಬೀದಿಯಲ್ಲಿ ನಡೆಯುವ ಮೇಷ್ಟ್ರು, ತನ್ನ ಸುಳ್ಳಿನ ಭಾರ ತನಗೇ ಆಗದೆ ಬೆವರುತ್ತಿರುವವನು.

ಅದೇ ಊರಿನಲ್ಲಿ ಆಂಬ್ರೋಸರ ಉಪದೇಶ ಕೇಳೋಕೆ ಹೋಗತೊಡಗಿದ. ಭಕ್ತಿಯಿಂದಲ್ಲ. ಇಷ್ಟು ಹೆಸರು ಮಾಡಿದ್ದಾರಲ್ಲ, ನಿಜಕ್ಕೂ ಅಷ್ಟು ಚೆನ್ನಾಗಿ ಮಾತಾಡುತ್ತಾರಾ ಅಂತ ತೂಗಿ ನೋಡೋಕೆ. ನಾನು ಯಾರ ಭಾಷಣಕ್ಕೆ ಹೋದರೂ ಹಾಗೇ ಕೂತಿರುತ್ತೇನೆ, ಹಾಗಾಗಿ ಅವನು ಹೇಗೆ ಕೂತಿದ್ದ ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತು. ಕಿವಿ ಪದಗಳ ಮೇಲೆ, ವಿಷಯದ ಮೇಲೆ ತಾತ್ಸಾರ. ಆದರೆ ಪದಗಳನ್ನು ಒಳಗೆ ಬಿಟ್ಟುಕೊಂಡಾಗ ವಿಷಯವೂ ಅದರ ಜೊತೆಗೇ ಒಳಗೆ ಬಂತು, ಬೇರೆ ಮಾಡೋಕಾಗಲಿಲ್ಲ ಅಂತ ಬರೆಯುತ್ತಾನೆ. ಅಂದರೆ ಯಾವ ಚೆಂದದ ಮಾತನ್ನು ನೀನು ಈಗ ಅನುಮಾನಿಸುತ್ತಿದ್ದೀಯೋ, ಅವನ ಎದೆಯ ಬಾಗಿಲು ತೆರೆದದ್ದು ಅದೇ.

386ರ ಬೇಸಿಗೆಯಲ್ಲಿ ಅವನ ಮನಸ್ಸು ಪೂರ್ತಿ ಕ್ರೈಸ್ತ ಧರ್ಮದ ಕಡೆ ತಿರುಗಿತು. ಕೆಲಸ ಬಿಡಬೇಕು ಅಂತ ತೀರ್ಮಾನ ಮಾಡಿದ. ಈ ಕೆಲಸವನ್ನು ಅವನು ಮಾತಿನ ಸಂತೆ ಅನ್ನುತ್ತಾನೆ, ತಾನು ಕೂತ ಪೀಠವನ್ನು ಸುಳ್ಳಿನ ಪೀಠ ಅನ್ನುತ್ತಾನೆ. ಆದರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ. ದ್ರಾಕ್ಷಿ ಕೊಯ್ಲಿನ ರಜೆಗೆ ಸುಮಾರು ಇಪ್ಪತ್ತು ದಿನ ಇತ್ತು, ಅಷ್ಟು ದಿನ ಪಾಠ ಮಾಡಿ, ರಜೆ ಬಂದ ಮೇಲೆ ಸದ್ದಿಲ್ಲದೆ ಬಿಟ್ಟ. ಎದೆನೋವು, ದನಿ ಕಟ್ಟುವುದೂ ಇತ್ತು, ಹೇಳಿಕೊಳ್ಳೋಕೆ ಒಂದು ಕಾರಣ ಸಿಕ್ಕಿತು. ಒಂದು ದೊಡ್ಡ ವಿದಾಯ ಭಾಷಣ ಮಾಡಿ ಊರನ್ನೇ ಅಳಿಸಬಹುದಿತ್ತು. ಮಾಡಲಿಲ್ಲ. ಇದಕ್ಕಾಗಿ ಅವನ ಮೇಲೆ ನನಗೆ ತುಂಬ ಗೌರವ.

ಮಾತು ಬಿಟ್ಟು ಹೋದವನನ್ನು ಮಾತು ಬಿಡಲಿಲ್ಲ. 391ರಲ್ಲಿ ಆಫ್ರಿಕಾದ ಹಿಪ್ಪೊ ಊರಿನ ಜನ ಅವನನ್ನು ಹಿಡಿದು ಪಾದ್ರಿಯಾಗಿ ಮಾಡಿದರು, ಕೆಲವೇ ವರ್ಷದಲ್ಲಿ ಬಿಷಪ್ ಆದ. ಸಾಯುವವರೆಗೆ, ಅಂದರೆ 430ರವರೆಗೆ, ಉಪದೇಶ ಮಾಡಿದ. ಅವನು ಕೂತಿರುತ್ತಿದ್ದ, ಜನ ನಿಂತು ಕೇಳುತ್ತಿದ್ದರು, ಚಪ್ಪಾಳೆ ಹೊಡೆದು ಕೂಗುತ್ತಿದ್ದರು, ಶೀಘ್ರಲಿಪಿಯವರು ಬರೆದುಕೊಳ್ಳುತ್ತಿದ್ದರು. ಹಾಗಾಗಿಯೇ ನೂರಾರು ಉಪದೇಶಗಳು ಉಳಿದಿವೆ. ಅವನ್ನು ಓದಿದರೆ ಆಸ್ಥಾನದ ಭಾಷೆ ಕರಗಿರುವುದು ಕಾಣುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ಲ್ಯಾಟಿನ್‌ನಲ್ಲಿ 'ಒಸ್' ಅಂದರೆ ಮೂಳೆ, 'ಓಸ್' ಅಂದರೆ ಬಾಯಿ. ನಮ್ಮ ಕಡು, ಕಾಡು ಥರ ಉದ್ದದ್ದಷ್ಟೇ ವ್ಯತ್ಯಾಸ. ಆಫ್ರಿಕಾದ ಜನರ ಕಿವಿಗೆ ಈ ಹ್ರಸ್ವ ದೀರ್ಘ ಹಿಡಿಯುತ್ತಿರಲಿಲ್ಲ. ಹಾಗಾದರೆ ಮೂಳೆಗೆ ಆಡುಮಾತಿನ 'ಒಸ್ಸುಂ' ಅನ್ನಿ ಅಂತ ಅವನು ಹೇಳುತ್ತಾನೆ. ಅದು ವ್ಯಾಕರಣದ ಪ್ರಕಾರ ತಪ್ಪು. ಜನಕ್ಕೆ ತಿಳಿಯದೆ ಹೋಗುವುದಕ್ಕಿಂತ ಪಂಡಿತರು ಬೈದರೆ ಬೈಯಲಿ ಅಂತ ಇನ್ನೊಂದು ಕಡೆ ಹೇಳಿದ್ದಾನೆ. ಒಂದು ಕಾಲಕ್ಕೆ ಬೈಬಲ್ಲಿನ ಭಾಷೆ ಒರಟು ಅಂತ ಮುಚ್ಚಿಟ್ಟವನು ಇವನೇ!

ವಯಸ್ಸಾದ ಮೇಲೆ, 426ರ ಸುಮಾರಿಗೆ, ಉಪದೇಶ ಮಾಡುವವರಿಗಾಗಿ ತಾನು ಯಾವಾಗಲೋ ಅರ್ಧಕ್ಕೆ ನಿಲ್ಲಿಸಿದ್ದ ಪುಸ್ತಕವನ್ನು ಪೂರ್ತಿ ಮಾಡಿದ. ಅದರ ಕೊನೆಯ ಭಾಗ ಪೂರ್ತಿ ಮಾತುಗಾರಿಕೆಯ ಬಗ್ಗೆ. ಸುಳ್ಳು ಹೇಳುವವರು ಜನರ ಮನಸ್ಸು ಕರಗಿಸಿ, ನಗಿಸಿ, ಹೆದರಿಸಿ ಎಳೆದುಕೊಂಡು ಹೋಗುವಾಗ, ನಿಜ ಹೇಳುವವರು ಕೇಳಿದರೆ ಆಕಳಿಕೆ ಬರುವ ಹಾಗೆ ಯಾಕೆ ಹೇಳಬೇಕು ಅಂತ ಕೇಳುತ್ತಾನೆ. ಸಿಸೆರೊನ ಹಳೆಯ ಪಾಠವನ್ನೇ ವಾಪಸ್ ತರುತ್ತಾನೆ. ತಿಳಿಸಬೇಕು, ಹಿಡಿದು ಕೂರಿಸಬೇಕು, ಅಲುಗಿಸಬೇಕು. ಚಿನ್ನದ ಬೀಗದ ಕೈ ಬಾಗಿಲು ತೆಗೆಯದಿದ್ದರೆ ಏನು ಪ್ರಯೋಜನ, ಮರದ್ದೇ ಆದರೂ ತೆಗೆದರೆ ಸಾಕಲ್ಲವಾ ಅನ್ನುತ್ತಾನೆ. ಬೈಬಲ್ಲಿನಲ್ಲಿರುವ ಸಂತ ಪೌಲನ ಪತ್ರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ವಾಕ್ಯಗಳನ್ನು ಬಿಡಿಸಿ ತೋರಿಸಿ, ಪೌಲ ನಿಯಮ ನೋಡಿಕೊಂಡು ಬರೆದವನಲ್ಲ, ಅವನ ಅರಿವಿನ ಹಿಂದೆ ಮಾತಿನ ಸೊಗಸು ಕರೆಯದೆಯೂ ಬಂದಿದೆ ಅನ್ನುತ್ತಾನೆ.

ಇಲ್ಲಿ ನನಗೆ ನಮ್ಮ ಬಸವಣ್ಣನವರು ನೆನಪಾದರು. ತಾಳಮಾನ ಸರಿಸವನರಿಯೆ, ಓಜೆ ಬಜಾವಣೆ ಲೆಕ್ಕವನರಿಯೆ ಅನ್ನುವ ವಚನ ನಿನಗೂ ಬಾಯಿಗೆ ಬರುತ್ತದೆ. ಅದನ್ನೊಮ್ಮೆ ಗಟ್ಟಿಯಾಗಿ ಹೇಳಿ ನೋಡು. ಅರಿಯೆ, ಅರಿಯೆ, ಅರಿಯೆ ಅಂತ ಮತ್ತೆ ಮತ್ತೆ ಬಂದು, ಕೊನೆಗೆ ಒಲಿದಂತೆ ಹಾಡುವೆ ಅಂತ ಇಳಿಯುತ್ತದೆ. ತಾಳ ಗೊತ್ತಿಲ್ಲ ಅನ್ನುವ ಮಾತೇ ತಾಳಕ್ಕೆ ಬಿದ್ದಿದೆ. ಅದನ್ನು ಯಾರೂ ಮೋಸ ಅನ್ನಲ್ಲ. 12ನೇ ಶತಮಾನದಲ್ಲಿ ಪಂಡಿತರ ಛಂದಸ್ಸಿನ ಲೆಕ್ಕ ಬಿಟ್ಟು ಬೀದಿಯ ಕನ್ನಡದಲ್ಲಿ ದೇವರ ಜೊತೆ ಮಾತಾಡಿದ ಆ ಜನರಿಗೂ ಮಾತಿನ ಸೊಗಸು ಹಿಂದೆಯೇ ಬಂತು, ಅವರು ಅದನ್ನು ಓಡಿಸಲೂ ಇಲ್ಲ.

ಈಗ ನಿನ್ನ ಕಣ್ಣೀರಿನ ವಿಷಯ. ಅಗಸ್ಟೀನ್ ಆ ಪುಸ್ತಕದಲ್ಲಿ ತಾನು ಕಂಡದ್ದೊಂದು ಹೇಳುತ್ತಾನೆ. 418ರಲ್ಲಿ ಅವನು ಸಿಸೇರಿಯಾ ಅನ್ನುವ ಊರಿಗೆ ಹೋಗಿದ್ದ. ಈಗಿನ ಅಲ್ಜೀರಿಯಾದ ಕಡಲ ತೀರದ ಶೆರ್ಶೆಲ್. ಆ ಊರಲ್ಲಿ ವರ್ಷಕ್ಕೊಮ್ಮೆ ಒಂದು ಪದ್ಧತಿ. ಊರಿನವರೇ ಎರಡು ಗುಂಪಾಗಿ ನಿಂತು ಕೆಲವು ದಿನ ಒಂದೇ ಸಮನೆ ಕಲ್ಲಿನಿಂದ ಹೊಡೆದಾಡುವುದು. ನೆಂಟರು, ಅಣ್ಣತಮ್ಮಂದಿರು, ಕೊನೆಗೆ ಅಪ್ಪ ಮಕ್ಕಳು ಕೂಡ ಎದುರುಬದುರು. ಕೈಗೆ ಸಿಕ್ಕವರನ್ನು ಸಾಯಿಸುತ್ತಿದ್ದರು. ತಲೆತಲಾಂತರದಿಂದ ಬಂದ ಆಚರಣೆ. ಅವನು ಎದ್ದು ಮಾತಾಡಿದ. ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಅವತ್ತು ಹಾಕಿದ. ಜನ ಚಪ್ಪಾಳೆ ಹೊಡೆದರು, ಕೂಗಿದರು. ಚಪ್ಪಾಳೆ ಕೇಳಿದಾಗ ಏನೂ ಸಾಧಿಸಿದೆ ಅನ್ನಿಸಲಿಲ್ಲ ಅನ್ನುತ್ತಾನೆ, ಅವರಿಗೆ ಅರ್ಥವಾಗಿದೆ, ಇಷ್ಟವಾಗಿದೆ, ಅಷ್ಟೇ. ಆಮೇಲೆ ಕಣ್ಣೀರು ಕಂಡಿತು. ಆಗ ಇವರು ಬಗ್ಗಿದರು ಅಂತ ನಂಬಿದೆ ಅನ್ನುತ್ತಾನೆ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಅದಾಗಿ ಈಗ ಎಂಟು ವರ್ಷ ಅಥವಾ ಇನ್ನೂ ಜಾಸ್ತಿಯಾಗಿದೆ, ಅಲ್ಲಿ ಮತ್ತೆ ಅಂಥದ್ದು ನಡೆದಿಲ್ಲ ಅಂತ ಲೆಕ್ಕ ಕೊಡುತ್ತಾನೆ.

ಆ ಎಂಟು ವರ್ಷ ನೋಡು ಗೆಳೆಯಾ. ಆಸ್ಥಾನದಲ್ಲಿ ಹೊಗಳಿದ ಭಾಷಣಕ್ಕೆ ಅವನು ಇಂಥ ಲೆಕ್ಕ ಕೊಡೋಕಾಗುತ್ತಿತ್ತಾ? ಎರಡು ಕಡೆಯೂ ಅದೇ ಕಸುಬು, ಅದೇ ನಾಲಿಗೆ. ಒಂದು ಕಡೆ ಸಭೆ ಮುಗಿದ ಕೂಡಲೇ ಮಾತೂ ಮುಗಿಯಿತು. ಇನ್ನೊಂದು ಕಡೆ ಎಂಟು ವರ್ಷ ಯಾರ ಕೈಯೂ ಕಲ್ಲು ಎತ್ತಲಿಲ್ಲ.

ಅವನನ್ನು ತೀರಾ ದೊಡ್ಡವನನ್ನಾಗಿ ಮಾಡಿ ನಿನ್ನ ಮುಂದೆ ಇಡೋದು ನನಗೆ ಇಷ್ಟವಿಲ್ಲ. ಆಫ್ರಿಕಾದಲ್ಲಿ ಡೊನಾಟಿಸ್ಟರು ಅಂತ ಇನ್ನೊಂದು ಕ್ರೈಸ್ತ ಪಂಗಡ ಇತ್ತು. ಮೊದಮೊದಲು ಅವರನ್ನು ಮಾತಿನಿಂದಲೇ ಒಲಿಸಬೇಕು ಅಂತಿದ್ದ, ಓದು ಬಾರದವರೂ ಹೇಳಿಕೊಳ್ಳಲಿ ಅಂತ ಸರಳವಾಗಿ ಒಂದು ಹಾಡನ್ನೂ ಕಟ್ಟಿದ್ದ, ಪಲ್ಲವಿ ಸಮೇತ. ಆಮೇಲೆ ಸರ್ಕಾರ ಅವರ ಮೇಲೆ ಕಾನೂನು ಹೇರಿದಾಗ, ಬಲವಂತದಿಂದಲೂ ಒಳ್ಳೆಯದಾಗುತ್ತದೆ ಅಂತ ವಾದ ಹೂಡಿ ಪತ್ರ ಬರೆದ. ಅದೂ ಚೆಂದದ ಬರವಣಿಗೆಯೇ. ಮುಂದೆ ಬಂದವರು ಎಷ್ಟೋ ದಬ್ಬಾಳಿಕೆಗೆ ಅವನ ಆ ಮಾತುಗಳನ್ನೇ ಆಧಾರ ಮಾಡಿಕೊಂಡರು. ಸಿಸೇರಿಯಾದಲ್ಲಿ ಕಲ್ಲು ಕೆಳಗಿಳಿಸಿದ ಬಾಯಿ ಇದನ್ನೂ ಹೇಳಿತಲ್ಲ ಅಂತ ನನಗೆ ಸಂಕಟವಾಗುತ್ತದೆ. ಆ ಪತ್ರ ನಾನು ಪೂರ್ತಿ ಓದೋಕೆ ಎರಡು ಸಲ ಕೂರಬೇಕಾಯಿತು.

ನಿಮ್ಮೂರ ಪ್ರವಚನಕಾರರು ಎರಡೂ ಊರಿನಲ್ಲಿ ಒಂದೇ ಜಾಗದಲ್ಲಿ ಗದ್ಗದರಾದದ್ದಕ್ಕೆ ನನಗೆ ಬೇಸರವಿಲ್ಲ. ಸ್ವಂತವಾಗಿ ಕಟ್ಟಲು ಬಾರದವರು ಬೇರೆಯವರು ಬರೆದ ಉಪದೇಶ ಬಾಯಿಪಾಠ ಮಾಡಿ ಹೇಳಲಿ, ತಪ್ಪೇನಿಲ್ಲ ಅಂತ ಅಗಸ್ಟೀನೇ ಹೇಳಿದ್ದಾನೆ. ನಿನ್ನ ಅಮ್ಮ ಲಾಲಿ ಹಾಡುವಾಗ ದಿನಾ ಒಂದೇ ಕಡೆ ದನಿ ಇಳಿಸುತ್ತಿದ್ದರು. ನೀನು ದಿನಾ ಅಲ್ಲೇ ನಿದ್ದೆ ಹೋಗುತ್ತಿದ್ದೆ ಅಂತ ಅವರೇ ನನ್ನ ಹತ್ತಿರ ಹೇಳಿದ್ದಾರೆ. ಅವರ ಪ್ರೀತಿ ಸುಳ್ಳಾ?

ನನ್ನ ಹುಡುಗಿಗೆ ಉತ್ತರ ಕೊಡೋದು ಇನ್ನೂ ಬಾಕಿ ಇದೆ. ಈ ವರ್ಷ ಒಂದು ಬದಲಾವಣೆ ಮಾಡಿದ್ದೇನೆ. ಸ್ಪರ್ಧೆಗೆ ಮೊದಲು ಪ್ರತಿ ಮಗುವೂ ಆ ವಿಷಯದಲ್ಲಿ ತನಗೆ ನಿಜವಾಗಿ ಅನ್ನಿಸಿದ್ದನ್ನು ಒಂದು ಪುಟ ಬರೆದು ತನ್ನ ಹತ್ತಿರವೇ ಇಟ್ಟುಕೊಳ್ಳಬೇಕು, ನನಗೂ ತೋರಿಸಬೇಕಿಲ್ಲ. ಮೊದಲು ಬರೆದವಳು ಅವಳೇ. ಎರಡು ಪುಟ ಬರೆದಳು.

ಇನ್ನೊಂದು ವಿಷಯ. ನಿನ್ನ ಪತ್ರದ ಕೊನೆಯಲ್ಲಿ ಹಾಗೇ ಸೇರಿಸಿದ್ದೀಯಲ್ಲ, ಬದುವಿನ ಕಲ್ಲು ಸರಿಸಿಕೊಂಡ ಜಗಳದಲ್ಲಿ ಆರು ವರ್ಷದಿಂದ ಮಾತು ಬಿಟ್ಟ ನಿಮ್ಮ ಕೇರಿಯ ಅಣ್ಣತಮ್ಮ ಇಬ್ಬರೂ ಅವತ್ತು ಅದೇ ಪೆಂಡಾಲಿನಲ್ಲಿ, ಒಬ್ಬ ಈ ಕಂಬದ ಹತ್ತಿರ, ಇನ್ನೊಬ್ಬ ಆ ಕಂಬದ ಹತ್ತಿರ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು ಅಂತ. ದಸರೆಗೆ ಊರಿಗೆ ಹೋಗುತ್ತೀಯಲ್ಲ, ಅವರ ಹೊಲದ ಕಡೆ ಒಂದು ಸಲ ಹೋಗಿ ಬಾ. ಆ ಕಲ್ಲು ಎಲ್ಲಿದೆ ಅಂತ ನೋಡಿ ನನಗೆ ಬರೆ.

ನಿನ್ನ
ಗೆಳೆಯ